ಕಲ್ಲಿನ ಮಾಳಿಗೆ ಮನೆಗಳ ದುರಸ್ತಿಗೂ ನೆರವು ಸಿಗಲಿ

ಮಾನ್ಯ ಸಂಪಾದಕರೇ,

ಬಾದಾಮಿ, ಗುಳೇದಗುಡ್ಡ, ಹುನಗುಂದ ಭಾಗದ ಹಳ್ಳಿಗಳಲ್ಲಿ ಒಕ್ಕಲುತನದ ಹಳೆಯ ಕಲ್ಲಿನ ಮನೆಗಳು ಒಂದೊಂದಾಗಿ ಇಲ್ಲವಾಗುತ್ತಿವೆ. ಮುಪ್ಪಿನಿಂದ ಬಿದ್ದ ಮನೆಗಳಿಗಿಂತ ದುರಸ್ತಿ ಕಾಣದೆ, ಇಲ್ಲವೇ ತಪ್ಪು ದುರಸ್ತಿಯಿಂದ ಬಿದ್ದವೇ ಹೆಚ್ಚು ಎಂಬುದು ನನ್ನ ಖಚಿತ ಅಭಿಪ್ರಾಯ.

ಈ ಮನೆಗಳನ್ನು ಕಟ್ಟಿದವರು ಮನುಷ್ಯರಿಗೂ ದನಕರುಗಳಿಗೂ ಕಾಳುಕಡಿಗೂ ಒಂದೇ ಸೂರಿನಡಿ ಜಾಗ ಮಾಡಿದ್ದರು. ತಲೆಬಾಗಿಲು ದಾಟಿದೊಡನೆ ಎತ್ತು, ಎಮ್ಮೆ ಕಟ್ಟುವ ತಗ್ಗಿನ ಭಾಗ; ಅಲ್ಲಿಂದ ಎರಡು ಮೂರು ಅಡಿ ಎತ್ತರಕ್ಕೆ ಪಡಸಾಲೆ, ಅದರ ಹಿಂದೆ ಅಡುಗೆಮನೆ ಮತ್ತು ದೇವರ ಕೋಣೆ. ಈ ಎತ್ತರದ ವ್ಯತ್ಯಾಸದಿಂದಾಗಿ ಗಂಜಲದ ತೇವ ಮೇಲಕ್ಕೆ ಬಾರದು, ಮನೆಯವರ ಕಣ್ಣು ಮಾತ್ರ ರಾತ್ರಿಯೂ ದನಗಳ ಮೇಲಿರುತ್ತದೆ. ಜೋಳ ತುಂಬಿಡಲು ನೆಲದೊಳಗೆ ಹಗೇವು. ಎರಡಡಿಗೂ ಮೀರಿದ ದಪ್ಪದ ಗೋಡೆಗೆ ಒಳಮುಖ, ಹೊರಮುಖಗಳಲ್ಲಿ ಕಟೆದ ಮರಳುಗಲ್ಲು, ನಡುವೆ ಚೂರುಗಲ್ಲು ಮತ್ತು ಮಣ್ಣು. ತೊಲೆ, ಜಂತಿಗಳ ಮೇಲೆ ಕಟ್ಟಿಗೆ ಮತ್ತು ಸೊಪ್ಪು ಹರವಿ, ನೀರು ಇಳಿಯಗೊಡದ ಚೌಳು ಮಣ್ಣನ್ನು ಬಡಿದು ಕೂರಿಸಿದರೆ ಮಾಳಿಗೆ, ಅಂದರೆ ಮಟ್ಟಸವಾದ ಮಣ್ಣಿನ ಚಾವಣಿ, ಸಿದ್ಧ. ವರ್ಷಕ್ಕೆ ಸುಮಾರು 600 ಮಿ.ಮೀ. ಮಳೆ ಬೀಳುವ, ಬೇಸಿಗೆಯಲ್ಲಿ ಬಿಸಿಲು ಕಾಯುವ ಈ ಸೀಮೆಗೆ ಇದಕ್ಕಿಂತ ತಕ್ಕ ಕಟ್ಟಡಕ್ರಮವನ್ನು ನಾನು ಕಂಡಿಲ್ಲ. ಇದೇ ಕಲ್ಲಿನ ಹದವನ್ನು ಬಲ್ಲವರೇ ಐಹೊಳೆಯ ಲಾಡ್ ಖಾನ್ ಗುಡಿಯ ಮೇಲ್ಛಾವಣಿಯಲ್ಲಿ ಚಪ್ಪಡಿಗಳ ಸಂದಿನ ಮೇಲೆ ಮರದ ತೊಲೆಯಂಥ ಉದ್ದನೆಯ ಕಲ್ಲುಗಳನ್ನು ಕೂರಿಸಿ ನೀರಿಳಿಯದಂತೆ ಮಾಡಿದ್ದರು. ಗುಡಿಗೆ ಕಾವಲಿದೆ, ಪಕ್ಕದ ಒಕ್ಕಲಿಗನ ಮನೆಗೆ ಯಾರೂ ಇಲ್ಲ.

ಇಂಥ ಮನೆಗೆ ಇಂದು ದೊಡ್ಡ ಕೇಡು ಆಗುತ್ತಿರುವುದು ಸಿಮೆಂಟಿನಿಂದ. ಮಣ್ಣು, ಸುಣ್ಣಗಳ ಗೋಡೆ ಹೀರಿದ ತೇವವನ್ನು ಬಿಸಿಲಿಗೆ ಬಿಟ್ಟುಕೊಡುತ್ತದೆ; ಮೇಲೆ ಸಿಮೆಂಟ್ ಗಿಲಾವು ಮಾಡಿದರೆ ಆ ತೇವ ಒಳಗೇ ಉಳಿದು ನಡುವಿನ ಮಣ್ಣನ್ನು ಮೆತ್ತಗೆ ಮಾಡುತ್ತದೆ. ಕೆಲವು ಮಳೆಗಾಲ ಕಳೆಯುವಷ್ಟರಲ್ಲಿ ಗೋಡೆಯ ಬುಡದಲ್ಲಿ ಬಿಳಿಯ ಉಪ್ಪು ಮೂಡುತ್ತದೆ, ಗಿಲಾವು ಉಬ್ಬಿ ಕಲ್ಲಿನ ಮೇಲ್ಪದರವನ್ನೂ ಕಿತ್ತುಕೊಂಡು ಉದುರುತ್ತದೆ, ಬೆರಳಿನಿಂದ ಉಜ್ಜಿದರೆ ಮರಳುಗಲ್ಲು ಪುಡಿಪುಡಿಯಾಗಿ ಬರುತ್ತದೆ. ಆಮೇಲೆ ಗೋಡೆ ಹೊಟ್ಟೆ ಬಿಡುವುದೊಂದೇ ಬಾಕಿ.

ಸರ್ಕಾರದ ವಸತಿ ನೀತಿಯೂ ಕೆಡವುವವರ ಪರವಾಗಿಯೇ ಇದೆ ಎಂದು ನೋವಿನಿಂದ ಹೇಳಬೇಕಾಗಿದೆ. ಪ್ರಧಾನಮಂತ್ರಿ ಆವಾಸ್ ಯೋಜನೆಯ ಗ್ರಾಮೀಣ ವಿಭಾಗದಲ್ಲಿ ಬಯಲು ಪ್ರದೇಶದ ಫಲಾನುಭವಿಗೆ 1.20 ಲಕ್ಷ ರೂಪಾಯಿ ಸಿಗುವುದು ಕನಿಷ್ಠ 25 ಚದರ ಮೀಟರಿನ ಹೊಸ ಮನೆ ಕಟ್ಟಲು. ಒಂದು ಜೋಡಿ ಎತ್ತು, ಮೇವು, ಕೃಷಿ ಸಲಕರಣೆಗಳಿರುವ ಕುಟುಂಬಕ್ಕೆ ಅಷ್ಟು ಜಾಗ ಎಲ್ಲಿ ಸಾಕು? 2009ರ ನೆರೆಯ ಬಳಿಕ ಆಸರೆ ಯೋಜನೆಯಲ್ಲಿ ಕಟ್ಟಿದ ಎಷ್ಟೋ ಮನೆಗಳು ಖಾಲಿ ಉಳಿದದ್ದಕ್ಕೆ ದನ ಕಟ್ಟಲು, ಕಾಳು ಇಡಲು ಜಾಗವಿಲ್ಲದ್ದೂ ಒಂದು ಕಾರಣ. 2019ರ ನೆರೆಯಲ್ಲಿ ಪೂರ್ತಿ ಬಿದ್ದ ಮನೆಗೆ 5 ಲಕ್ಷ ರೂಪಾಯಿ ಘೋಷಿಸಿದ್ದು ಸಂತ್ರಸ್ತರಿಗೆ ಆಧಾರವಾಯಿತು, ಅದನ್ನು ಅಲ್ಲಗಳೆಯಲಾರೆ. ಆದರೆ ವಾಲಿದ ಒಂದು ಮೂಲೆಯನ್ನು ಬಿಚ್ಚಿ, ಅದೇ ಕಲ್ಲಿನಿಂದ ಮತ್ತೆ ಕಟ್ಟಿಕೊಂಡರೆ ನೂರು ವರ್ಷದ ಮನೆ ಉಳಿಯುವಂತಿದ್ದಾಗಲೂ ಆ ಕೆಲಸಕ್ಕೆ ತಕ್ಕ ನೆರವಾಗಲಿ, ಬಲ್ಲವರ ಸಲಹೆಯಾಗಲಿ ದೊರೆಯದೆ ಹೋಗುವುದು ಸರಿಯಲ್ಲ.

ಟ್ರ್ಯಾಕ್ಟರ್ ಬಂದ ಮೇಲೆ ಅನೇಕ ಮನೆಗಳಲ್ಲಿ ದನ ಕಟ್ಟುವ ಭಾಗ ಬರಿದಾಗಿದೆ. ಅದನ್ನು ಬೇರೆ ಕೆಲಸಕ್ಕೆ ಬಳಸುವುದನ್ನು ನಾನು ಮನಸಾರೆ ಸ್ವಾಗತಿಸುತ್ತೇನೆ. ಖಣ ನೇಯುವ ಗುಳೇದಗುಡ್ಡದಲ್ಲಿ, ಸೀರೆ ನೇಯುವ ಇಳಕಲ್‌ನಲ್ಲಿ ಅಲ್ಲಿ ಮಗ್ಗ ಹೂಡಬಹುದು. ಬಾದಾಮಿ, ಪಟ್ಟದಕಲ್ಲಿನ ಸುತ್ತ ಪ್ರವಾಸಿಗರಿಗೆ ತಂಗುಕೋಣೆ ಮಾಡಬಹುದು. ಬೆಳಕಿಗೆಂದು ಗೋಡೆಯನ್ನು ಅಗಲವಾಗಿ ಒಡೆಯುವುದು, ಕಂಬ ತೆಗೆದು ಹಾಲ್ ಮಾಡುವುದು, ಪಡಸಾಲೆಯ ಎತ್ತರಕ್ಕೆ ಮಣ್ಣು ತುಂಬಿ ಟೈಲ್ಸ್ ಹಾಕುವುದು ಮಾತ್ರ ಬೇಡ. ಬಚ್ಚಲು, ಶೌಚಾಲಯಗಳು ಹಿತ್ತಲಲ್ಲೇ ಇರಲಿ, ಏಕೆಂದರೆ ಮಣ್ಣಿನ ಗೋಡೆಗೆ ಸೋರುವ ಕೊಳವೆಗಿಂತ ದೊಡ್ಡ ಶತ್ರುವಿಲ್ಲ.

ಸಂರಕ್ಷಿತ ಸ್ಮಾರಕಗಳಿಂದ 100 ಮೀಟರ್ ಒಳಗೆ ಹೊಸ ಕಟ್ಟಡಕ್ಕೆ ಅವಕಾಶವಿಲ್ಲ, ಇರುವ ಮನೆಯ ದುರಸ್ತಿಗೆ ಅನುಮತಿ ಪಡೆಯಬೇಕು. ಅನುಮತಿ ಕೊಡುವ ಇಲಾಖೆಯೇ ಸುಣ್ಣದ ಗಾರೆ ಅರೆಯುವ, ಕಲ್ಲು ಕೂರಿಸುವ ವಿಧಾನವನ್ನು ಸ್ಥಳೀಯ ಗೌಂಡಿಗಳಿಗೆ ಕಲಿಸುವ ಶಿಬಿರಗಳನ್ನೂ ನಡೆಸಲಿ. ಜಿಲ್ಲಾಡಳಿತವು ಪಂಚಾಯಿತಿವಾರು ಇಂಥ ಮನೆಗಳನ್ನು ಪಟ್ಟಿ ಮಾಡಿಸಿ, ವಸತಿ ನೆರವು ಪಡೆಯುವವರಿಗೆ ಹೊಸ ಮನೆ ಅಥವಾ ಹಳೆಯ ಮನೆಯ ದುರಸ್ತಿ ಎಂಬ ಆಯ್ಕೆಯನ್ನು ಕೊಡುವಂತೆ ರಾಜ್ಯ ಸರ್ಕಾರಕ್ಕೆ ಪ್ರಸ್ತಾವ ಕಳುಹಿಸಬೇಕೆಂದು ಈ ಮೂಲಕ ಕೋರುತ್ತೇನೆ.

– ಓದುಗ, ಬಾದಾಮಿ ತಾಲ್ಲೂಕು