ಕಮಿಟಿಗೆ ಗಂಡಸರು, ಕೆಲಸಕ್ಕೆ ಹೆಂಗಸರು?

ಮಾನ್ಯ ಸಂಪಾದಕರೇ,

ದಾವಣಗೆರೆ, ಹರಿಹರ, ಚಿತ್ರದುರ್ಗ ಕಡೆಯ ಕ್ರೈಸ್ತ ಸಭೆಗಳ ಗಂಡಸರಿಗೆ ಒಂದು ಮಾತು ಹೇಳಬೇಕಿದೆ. ಆರಾಧನೆಗೆ ಬರದವರೂ ಪೇಪರ್ ಓದುತ್ತಾರೆ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಚರ್ಚ್ ಕಮಿಟಿ ಚುನಾವಣೆ ಬಂದರೆ ನಮ್ಮವರ ಓಡಾಟ ನೋಡಬೇಕು. ಚರ್ಚಿಗೆ ಕೊಟ್ಟ ಫಸಲನ್ನು ಹರಾಜು ಹಾಕುವ ಸುಗ್ಗಿ ಹಬ್ಬದಲ್ಲಿ ಒಂದು ಕುಂಬಳಕಾಯಿಗೂ ಪೈಪೋಟಿ. ಚಪ್ಪರ ಹಾಕು, ಮೈಕ್ ಕಟ್ಟು, ಕ್ರಿಸ್‌ಮಸ್‌ಗೆ ನಕ್ಷತ್ರ ಏರಿಸು ಅಂದರೆ ಎಲ್ಲರೂ ಹಾಜರ್. ಸೆಪ್ಟೆಂಬರ್ 8ಕ್ಕೆ ಹರಿಹರದ ಆರೋಗ್ಯಮಾತೆ ಹಬ್ಬಕ್ಕೆ ಊರೂರಿಂದ ಬರುವವರಲ್ಲೂ ಗಂಡಸರೇನು ಕಮ್ಮಿ ಇರಲ್ಲ. ಇದೆಲ್ಲ ಬೇಕು. ಆದರೆ ಹಬ್ಬ ಮುಗಿದ ಮೇಲೆ?

ಯಾವುದಾದರೂ ಮನೆ ಪ್ರಾರ್ಥನೆಗೆ ಹೋಗಿ ನೋಡಿ. ಜಮಖಾನದ ಮೇಲೆ ಹೆಂಗಸರು, ಮಕ್ಕಳು. ಸಭಾಪಾಲಕರನ್ನು (ಪಾಸ್ಟರ್) ಬಿಟ್ಟರೆ ಗಂಡಸು ಅಂತ ಇರುವುದು ಮೂಲೆಯ ಕುರ್ಚಿಯಲ್ಲಿ ಕೂತ ಅಜ್ಜ ಮಾತ್ರ. ಮನೆ ಯಜಮಾನ ಹೊರಗೆ ಬೈಕ್ ಮೇಲೆ ಕೂತು ಮೊಬೈಲ್ ನೋಡುತ್ತಿರುತ್ತಾನೆ. ಆಸ್ಪತ್ರೆಗೆ ಹೋಗಿ ರೋಗಿಗಳನ್ನು ಮಾತಾಡಿಸುವುದು, ಮಕ್ಕಳಿಗೆ ಬೈಬಲ್ ಕಲಿಸುವ ಭಾನುವಾರ ಶಾಲೆ, ಸಾವಾದ ಮನೆಗೆ ಊಟ ಒಯ್ಯುವುದು, ಎಲ್ಲವೂ ಅಕ್ಕಂದಿರ ಹೆಗಲಿಗೆ.

ಇದರಿಂದ ನಷ್ಟ ಯಾರಿಗೆ ಅಂದರೆ ಗಂಡಸರಿಗೇ. ಕುಡಿತಕ್ಕೆ ಬಿದ್ದವನು, ಮೆಕ್ಕೆಜೋಳದ ಬೆಳೆ ಕೈಕೊಟ್ಟು ಸಾಲದಲ್ಲಿ ಮುಳುಗಿದವನು, ಇವರು ಮನೆಗೆ ಬಂದ ಹೆಂಗಸರ ಮುಂದೆ ಬಾಯಿ ಬಿಡಲ್ಲ. "ಚೆನ್ನಾಗಿದೀನಿ ಅಕ್ಕಾ" ಅಂದು ತಲೆ ತಗ್ಗಿಸುತ್ತಾರೆ, ಅಷ್ಟೇ. ನಮ್ಮ ಸಭೆಯಲ್ಲಿ ಹೆಂಡತಿ ತೀರಿಕೊಂಡ ಹಿರಿಯರೊಬ್ಬರು ಹೀಗೇ ಇದ್ದರು. ಸ್ತ್ರೀಯರ ಸಂಘದವರು ಸಾರು, ಮುದ್ದೆ ಒಯ್ದು ಕೊಟ್ಟರು, ಪ್ರಾರ್ಥನೆ ಮಾಡಿದರು, ಆ ಹಿರಿಯರು ಕೈ ಮುಗಿದು ಸುಮ್ಮನಾದರು. ಆಮೇಲೆ ನಮ್ಮವರೇ ಒಬ್ಬರು ರಿಟೈರ್ಡ್ ಬಸ್ ಕಂಡಕ್ಟರ್ ಹೋಗಿ, "ಪೆನ್ಷನ್‌ಗೆ ಲೈಫ್ ಸರ್ಟಿಫಿಕೇಟ್ ಕೊಟ್ರಾ?" ಅಂತ ಕೇಳಿದರು. ಕೊಟ್ಟಿರಲಿಲ್ಲ. ಇಬ್ಬರೂ ಬ್ಯಾಂಕಿಗೆ ಹೋದರು, ಸಾಲಿನಲ್ಲಿ ನಿಂತರು, ವಾಪಸ್ ಬರುವಾಗ ಹೋಟೆಲ್‌ನಲ್ಲಿ ಬೆಣ್ಣೆ ದೋಸೆ ತಿಂದರು. ಅಲ್ಲೇ, ಟೇಬಲ್ ಮುಂದೆ, ಆ ಹಿರಿಯರು ಹೆಂಡತಿ ಹೆಸರು ಹಿಡಿದು ಅತ್ತರಂತೆ. ಈಗ ಭಾನುವಾರ ಇಬ್ಬರೂ ಒಂದೇ ಬೆಂಚು.

ಊಟ ಬಡಿಸುವುದು, ಮನೆ ಮನೆ ತಿರುಗುವುದು ಹೆಂಗಸರ ಕೆಲಸ ಅನ್ನುವವರು ಬೈಬಲ್‌ನ ಅಪೊಸ್ತಲರ ಕೃತ್ಯಗಳು 6ನೇ ಅಧ್ಯಾಯ ತೆರೆದು ನೋಡಲಿ. ವಿಧವೆಯರಿಗೆ ದಿನದ ಊಟ ಸರಿಯಾಗಿ ಸಿಗುತ್ತಿಲ್ಲ ಅಂತ ದೂರು ಬಂದಾಗ ಆ ಕೆಲಸಕ್ಕೆ ಆರಿಸಿದ್ದು 7 ಜನ ಗಂಡಸರನ್ನು. ಅವರಲ್ಲಿ ಮೊದಲ ಹೆಸರೇ ಸ್ತೆಫನನದು. ಸತ್ತು ಮತ್ತೆ ಎದ್ದು ಬಂದ ಯೇಸು ಕೂಡ ದಡದಲ್ಲಿ ಕೆಂಡದ ಮೇಲೆ ಮೀನು ಸುಟ್ಟು, ರಾತ್ರಿಯೆಲ್ಲ ಬಲೆ ಬೀಸಿ ಬಂದ ಶಿಷ್ಯರಿಗೆ "ಬನ್ನಿ, ಊಟ ಮಾಡಿ" ಅಂದನು, ಅಲ್ವಾ?

"ಈಗೆಲ್ಲ ಹೆಂಗಸರದ್ದೇ ಕಾರುಬಾರು, ನಮಗೇನು ಕೆಲಸ" ಅಂತ ಕೆಲವರು ಗೊಣಗುತ್ತಾರೆ. ನನಗೆ ಈ ಮಾತು ಕೇಳಿದರೆ ಬೇಜಾರಾಗುತ್ತದೆ. 2013ರಲ್ಲಿ ಆಂಧ್ರದ ನಂದ್ಯಾಲ ಡಯಾಸಿಸ್‌ಗೆ (ಧರ್ಮಪ್ರಾಂತ್ಯ) ಪುಷ್ಪಲಲಿತಾ ಅವರು ಸಿಎಸ್‌ಐನ (ದಕ್ಷಿಣ ಭಾರತ ಸಭೆ) ಮೊದಲ ಮಹಿಳಾ ಬಿಷಪ್ ಆದರು, ಅದು ಹೆಮ್ಮೆಯ ವಿಷಯ. ಅವರು ಮುಂದೆ ಬಂದರು ಅಂತ ನಾವು ಹಿಂದೆ ಸರಿಯಬೇಕಾ? ಜೊತೆಗೆ ನಿಂತರೆ ಸಾಕು. ರಾತ್ರಿ ಪಾಳಿಯವರು, ಲಾರಿ ಓಡಿಸುವವರು, ಎಪಿಎಂಸಿಯಲ್ಲಿ ಮೂಟೆ ಹೊರುವ ಹಮಾಲರು ಇವರಿಗೆ ನಾನು ಹೇಳುತ್ತಿಲ್ಲ, ಅವರ ಕಷ್ಟ ಬೇರೆ. ಸಂಜೆ ಆರಕ್ಕೆ ಮನೆಯಲ್ಲಿ ಆರಾಮಾಗಿ ಕೂತಿರುವವರಿಗೆ ಹೇಳುತ್ತಿದ್ದೇನೆ.

ಸಭಾಪಾಲಕರಲ್ಲಿ ನನ್ನ ವಿನಂತಿ ಇಷ್ಟೇ. ಶನಿವಾರ ಸಂಜೆ ಇಬ್ಬಿಬ್ಬರು ಗಂಡಸರನ್ನು ಒಂದೊಂದು ಮನೆಗೆ ಕಳಿಸಿ. ಭಾಷಣ ಬೇಡ, ಕೂತು ಮಾತಾಡಿ ಬರಲಿ. ಭಾನುವಾರ ಶಾಲೆಯ ಒಂದು ತರಗತಿಯಾದರೂ ಗಂಡಸರಿಗೆ ವಹಿಸಿ, ಹುಡುಗರು ನೋಡಿ ಕಲಿಯುತ್ತಾರೆ. ಮುಂದಿನ ಸಲ ಕಮಿಟಿಗೆ ಹೆಸರು ಕೊಡುವವರನ್ನು, ಕಳೆದ ವರ್ಷ ಯಾರ ಮನೆಗೆ ಹೋಗಿದ್ದಿರಿ ಅಂತ ಎಲ್ಲರ ಮುಂದೆಯೇ ಕೇಳಿ.

– ಸಭೆಯ ಸದಸ್ಯ, ದಾವಣಗೆರೆ