ಮಗಳಿಗೊಂದು ಪತ್ರ: ಅಜ್ಜನ ಕಪ್ಪು ಕೆಟ್ಟಿರಲಿಲ್ಲ

ಇಳಕಲ್ಲು

ನನ್ನವ್ವಾ,

ನಿನ್ನೆ ರಾತ್ರಿ ಫೋನಿನಲ್ಲಿ ನೀನು ಆಡಿದ ಮಾತು ಇನ್ನೂ ಕಿವಿಯಲ್ಲೇ ಇದೆ. "ನನಗ ಬಣ್ಣದ ಕೈ ಇಲ್ಲಪ್ಪಾ. ಇನ್ ಮ್ಯಾಲ ಬರೇ ಚಾರ್ಕೋಲ್‌ನಾಗ ಚಿತ್ರಾ ತೆಗಿತೀನಿ" ಅಂದೆ. ನಿಮ್ಮ ಸರ್ ಎಲ್ಲರ ಮುಂದೆ ನಿನ್ನ ಚಿತ್ರ ನೋಡಿ ಬಣ್ಣ ಸತ್ತಿದೆ ಅಂದರು ಅಂತಲೂ ಹೇಳಿದೆ. ನಾನು ಏನೋ ಹೇಳಲು ಹೊರಟೆ, ನೀನು ಅಳು ತಡೆದುಕೊಂಡು ಫೋನ್ ಇಟ್ಟೆ. ಅದಕ್ಕೇ ಬರೆಯುತ್ತಿದ್ದೇನೆ. ಫೋನಿನಲ್ಲಾದರೆ ನೀನು ಅರ್ಧಕ್ಕೇ "ಆಯ್ತಪ್ಪಾ" ಅಂದುಬಿಡುತ್ತೀಯ.

ನಿಮ್ಮ ಸರ್ ಹೇಳಿದ್ದು ಸರಿಯೋ ತಪ್ಪೋ, ಆ ಮಾತು ಆಮೇಲೆ. ನನಗೆ ಹೆದರಿಕೆ ಆಗಿದ್ದು ನಿನ್ನ ಮಾತಿಗೆ. ಬಣ್ಣದ ಕೈ ಇಲ್ಲ ಅನ್ನುವ ಮಾತನ್ನು ಈ ಮನೆಯಲ್ಲಿ ನಾನು ಒಮ್ಮೆ ಕೇಳಿದ್ದೇನೆ. ನಿನ್ನ ಅಜ್ಜನ ಬಾಯಲ್ಲಿ.

ನೀನು ನೋಡಿದ ಅಜ್ಜ ರಾಟಿಯ ಮುಂದೆ ಕೂತು ಕಂಡಿಕೆ ಸುತ್ತುತ್ತಿದ್ದ ಅಜ್ಜ. ಬಣ್ಣದ ಹಂಡೆಯ ಮುಂದೆ ನಿಂತ ಅಜ್ಜನನ್ನು ನೀನು ನೋಡಿಲ್ಲ. ಒಲೆಯ ಮೇಲೆ ಹಂಡೆ ಕುದಿಯುವಾಗ ಅವರು ಕೋಲಿಗೆ ಹಾಕಿದ ನೂಲಿನ ಲಡಿಯನ್ನು ಎತ್ತಿ, ಹಿಂಡಿ, ಒಂದು ಎಳೆಯನ್ನು ಉಗುರಿನ ಮೇಲೆ ಇಟ್ಟು ಬಿಸಿಲಿಗೆ ಹಿಡಿಯುತ್ತಿದ್ದರು. ಒದ್ದೆ ನೂಲು ಯಾವಾಗಲೂ ಗಾಢವಾಗಿ ಕಾಣುತ್ತದೆ, ಒಣಗಿದ ಮೇಲೆ ತಿಳಿಯಾಗುತ್ತದೆ. ಎಷ್ಟು ತಿಳಿಯಾಗುತ್ತದೆ ಅಂತ ಅವರಿಗೆ ಮೊದಲೇ ಗೊತ್ತಾಗುತ್ತಿತ್ತು. ದಾಳಿಂಬೆ ಕೆಂಪು, ಗಿಳಿ ಹಸಿರು, ಎಲ್ಲ ಬಣ್ಣಕ್ಕೂ ಅವರ ಹತ್ತಿರ ಲೆಕ್ಕ ಇತ್ತು. ಕಪ್ಪಿಗಂತೂ ಸುತ್ತಲಿನ ಓಣಿಯವರು ಅವರನ್ನೇ ಹುಡುಕಿಕೊಂಡು ಬರುತ್ತಿದ್ದರು. ಸಂಕ್ರಾಂತಿ ಹತ್ತಿರ ಬಂತೆಂದರೆ ಕಪ್ಪು ಒಡಲಿನ ಚಂದ್ರಕಾಳಿ ಸೀರೆಗೆ ಎಲ್ಲರಿಗೂ ಕಪ್ಪು ನೂಲು ಬೇಕು, ಅಲ್ವಾ?

ಒಂದು ಸಲ ವ್ಯಾಪಾರಿಯೊಬ್ಬರು ಹೊಸ ನಮೂನೆ ಬೇಕೆಂದರು. ಕಪ್ಪು ಒಡಲಿಗೆ ಯಾವಾಗಲೂ ಕೆಂಪು ದಡಿ ಬೇಡ, ಗಾಢ ನೀಲಿ ರೇಷ್ಮೆ ದಡಿ ಹಾಕಿ ಅಂದರು. ನೂಲಿಗೆ ಬಣ್ಣ ಅಜ್ಜ ಹಾಕಿದರು, ನೇಯ್ದವನು ನಾನು. ಸೀರೆ ಮಗ್ಗದಿಂದ ಇಳಿದಾಗ ನನಗೂ ಏನೋ ಸರಿ ಇಲ್ಲ ಅನ್ನಿಸಿತು. ಏನು ಅಂತ ಮಾತ್ರ ತಿಳಿಯಲಿಲ್ಲ. ವ್ಯಾಪಾರಿ ಸೀರೆ ಬಿಚ್ಚಿ ನೋಡಿದವರೇ, "ಇದು ಕಪ್ಪಲ್ಲ, ಬೂದಿ ಆಗೇತಿ. ಹಿರಿಯರಿಗೆ ವಯಸ್ಸಾತು" ಅಂದು ಮಡಿಚಿ ವಾಪಸ್ ಇಟ್ಟರು.

ಅಜ್ಜ ಜಗಳ ಮಾಡಲಿಲ್ಲ. ಮನೆಗೆ ಬಂದು ಮತ್ತೆ ಹಂಡೆ ಹಚ್ಚಿದರು. ಬಣ್ಣ ಜಾಸ್ತಿ ಹಾಕಿ ಹೊಸ ಲಡಿ ಅದ್ದಿದರು. ನಾನು ಮತ್ತೆ ಅದೇ ನೀಲಿ ದಡಿಗೆ ನೇಯ್ದೆ. ಮತ್ತೆ ಅದೇ ಸೊರಗಿದ ಕಪ್ಪು. ನೂಲು ಬಿರುಸಾಯಿತೇ ಹೊರತು ಕಪ್ಪು ಏರಲಿಲ್ಲ. ಅವತ್ತು ಸಂಜೆ ಅವರು ಅಂಗೈ ತಿರುಗಿಸಿ ನೋಡಿಕೊಂಡು, "ನನ್ನ ಕೈಯಾಗಿನ ಬಣ್ಣ ಹೋತು" ಅಂದರು. ಅಷ್ಟೇ. ಮಾರನೇ ದಿನ ರಾಟಿ ಎಳೆದುಕೊಂಡು ಕೂತರು. ಬಣ್ಣದ ಹಂಡೆ ಮತ್ತೆ ಮುಟ್ಟಲಿಲ್ಲ. ಯಾರಾದರೂ ಕೇಳಲು ಬಂದರೆ, "ಕಣ್ಣು ಕಾಣೂದಿಲ್ರಿ" ಅನ್ನುತ್ತಿದ್ದರು. ಕಣ್ಣು ಚೆನ್ನಾಗಿಯೇ ಕಾಣುತ್ತಿತ್ತು.

ಈಗ ನಿನ್ನ ವಿಷಯಕ್ಕೆ ಬರುತ್ತೇನೆ. ದಸರಾ ರಜೆಗೆ ಬಂದಾಗ ನೀನು ಮೊದಲ ವರ್ಷದ ನೋಟ್‌ಬುಕ್ ಇಲ್ಲೇ ಬಿಟ್ಟು ಹೋದೆ. ಬಿಡುವಾದಾಗ ನಾನು ಅದನ್ನು ಓದುತ್ತಿದ್ದೆ. ನಿನ್ನ ಅಕ್ಷರ ನೋಡುವ ಆಸೆಯಿಂದ ಶುರು ಮಾಡಿದ್ದು. ಓದುತ್ತಾ ಹೋದರೆ ಅದರಲ್ಲಿ ಶೆವ್ರೆಲ್ ಅಂತ ಒಬ್ಬರ ಹೆಸರು ಬಂತು. ನೀನು ಅರ್ಧ ಪುಟದಲ್ಲಿ ಮುಗಿಸಿದ್ದೀಯ. ನಾನು ಪಕ್ಕದ ಮನೆಯ ಹುಡುಗನನ್ನು ಕೂರಿಸಿಕೊಂಡು ಅವನ ಮೊಬೈಲಿನಲ್ಲಿ ಪೂರ್ತಿ ಓದಿಸಿದೆ.

ಅವರು ಫ್ರಾನ್ಸ್ ದೇಶದ ರಸಾಯನಶಾಸ್ತ್ರಜ್ಞ. 1824ರಲ್ಲಿ ಪ್ಯಾರಿಸ್ಸಿನ ಗೊಬ್ಲಾಂ ನೇಯ್ಗೆ ಕಾರ್ಖಾನೆಯಲ್ಲಿ ಬಣ್ಣ ಹಾಕುವ ವಿಭಾಗಕ್ಕೆ ಮುಖ್ಯಸ್ಥರಾದರು. ಗೋಡೆಗೆ ತೂಗುಹಾಕುವ ಚಿತ್ರದ ಬಟ್ಟೆ ಅಲ್ಲಿ ನೇಯುತ್ತಿದ್ದರು. ಅಲ್ಲಿನವರ ದೂರು ಏನಿತ್ತು ಗೊತ್ತಾ? ಕಪ್ಪು ಉಣ್ಣೆಗೆ ಜೀವ ಇಲ್ಲ ಅಂತ! ಅದೂ ನೀಲಿ ಮತ್ತು ನೇರಳೆ ಬಟ್ಟೆಯ ಮಡಿಕೆಗಳಿಗೆ ನೆರಳು ತೋರಿಸಲು ಬಳಸಿದ ಕಪ್ಪು. ಶೆವ್ರೆಲ್ ಬೇರೆ ಊರುಗಳ ಕಪ್ಪು ಉಣ್ಣೆ ತರಿಸಿ ಪಕ್ಕದಲ್ಲಿಟ್ಟು ನೋಡಿದರು. ಗೊಬ್ಲಾಂ ಕಪ್ಪು ಅದಕ್ಕೇನೂ ಕಡಿಮೆ ಇರಲಿಲ್ಲ. ಕೆಟ್ಟದ್ದು ಹಂಡೆಯಲ್ಲಿ ಅಲ್ಲ, ಪಕ್ಕದ ಬಣ್ಣದಲ್ಲಿ ಅಂತ ಅವರಿಗೆ ಆಗ ಹೊಳೆಯಿತು. ಎರಡು ಬಣ್ಣ ಅಂಟಿಕೊಂಡು ಕೂತಾಗ ಕಣ್ಣು ಒಂದರ ಎದುರುಬಣ್ಣವನ್ನು, ಅಂದರೆ ವರ್ಣಚಕ್ರದಲ್ಲಿ ಅದರ ಎದುರಿಗೆ ಕೂರುವ ಬಣ್ಣವನ್ನು, ಇನ್ನೊಂದರ ಮೇಲೆ ಹಚ್ಚುತ್ತದೆ. ನೀಲಿಯ ಎದುರುಬಣ್ಣ ಕಿತ್ತಳೆ. ನೀಲಿಯ ಪಕ್ಕದ ಕಪ್ಪಿನ ಮೇಲೆ ಆ ಕಿತ್ತಳೆ ಛಾಯೆ ಕೂತು ಕಪ್ಪು ಮಾಸಿದಂತೆ ಕಾಣುತ್ತದೆ. ಇದನ್ನೆಲ್ಲ ಅವರು 1839ರಲ್ಲಿ ದೊಡ್ಡ ಪುಸ್ತಕವಾಗಿ ಬರೆದರಂತೆ. ನೀವು ಕಾಲೇಜಿನಲ್ಲಿ ಓದುವ ವರ್ಣಸಿದ್ಧಾಂತದ ಒಂದು ದೊಡ್ಡ ಪಾಠ ಶುರುವಾಗಿದ್ದು ಬಣ್ಣ ಹಾಕುವ ಮನೆಯಲ್ಲಿ, ಕಪ್ಪು ಸರಿ ಇಲ್ಲ ಅನ್ನುವ ಒಂದು ದೂರಿನಿಂದ.

ಓದಿ ಮುಗಿದ ಮೇಲೆ ನನಗೆ ಕೂರಲು ಆಗಲಿಲ್ಲ. ಟ್ರಂಕಿನಲ್ಲಿ ಆ ಲಾಟಿನ ಒಂದು ಸೀರೆ ಇತ್ತು. ಮಾರಾಟವಾಗದ್ದು. ಅಂಗಳಕ್ಕೆ ತಂದು ಬಿಸಿಲಲ್ಲಿ ಹಾಸಿದೆ. ಬೂದಿಯಂತೆಯೇ ಕಂಡಿತು. ಆಮೇಲೆ ಒಂದು ರಟ್ಟಿನಲ್ಲಿ ರೂಪಾಯಿಯಷ್ಟು ತೂತು ಮಾಡಿ ಒಡಲಿನ ಮೇಲಿಟ್ಟೆ. ದಡಿ ಮುಚ್ಚಿತು, ತೂತಿನೊಳಗೆ ಒಡಲು ಮಾತ್ರ ಉಳಿಯಿತು. ಕಪ್ಪು, ನನ್ನವ್ವಾ. ಒಳ್ಳೇ ಗಟ್ಟಿ ಕಪ್ಪು. ಹಳೆಯ ಕೆಂಪು ದಡಿಯ ಚಂದ್ರಕಾಳಿ ತಂದು ಅದರ ಮೇಲೂ ಹಾಗೇ ತೂತಿನ ರಟ್ಟು ಇಟ್ಟೆ. ಎರಡಕ್ಕೂ ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ. ನಿಮ್ಮವ್ವನನ್ನು ಕರೆದು ತೋರಿಸಿದೆ. ಅವಳೂ ಸುಮ್ಮನೆ ನಿಂತಳು.

ಅಜ್ಜನ ಕೈಯಲ್ಲಿ ಬಣ್ಣ ಇತ್ತು. ಕೊನೆಯವರೆಗೂ ಇತ್ತು. ಹೋಗಿದೆ ಅಂತ ತಿಳಿದುಕೊಂಡೇ ಅವರು ತೀರಿಹೋದರು. ಇದನ್ನು ನಾನು ಯಾರಿಗೆ ಹೇಳಲಿ? ನಿನಗೇ ಹೇಳಬೇಕು.

ನೀನು ಕಳಿಸಿದ ಬಾದಾಮಿಯ ಚಿತ್ರದ ಫೋಟೋ ನಾನು ಬೆಳಿಗ್ಗೆಯಿಂದ ನೋಡುತ್ತಿದ್ದೇನೆ. ಗುಡ್ಡ, ಅಗಸ್ತ್ಯ ತೀರ್ಥದ ನೀರು, ಸಂಜೆ ಬೆಳಕು. ರೇಖೆ ಎಷ್ಟು ಚೆನ್ನಾಗಿ ಬಂದಿದೆ! ಬಂಡೆಯ ಸೀಳುಗಳನ್ನು ಕೈ ಹಾಕಿ ಮುಟ್ಟಬಹುದು ಅನ್ನಿಸುತ್ತದೆ. ನಮ್ಮ ಮನೆತನದಲ್ಲಿ ಯಾರೂ ಹೀಗೆ ಚಿತ್ರ ತೆಗೆದಿಲ್ಲ. ಓಣಿಯವರಿಗೆಲ್ಲ ಫೋಟೋ ತೋರಿಸಿದ್ದೇನೆ, ನೀನು ಬೈದರೂ ಸರಿ. ಆದರೆ ಬಣ್ಣದ ಮಾತಿಗೆ ಬಂದರೆ ನಿಮ್ಮ ಸರ್ ಹೇಳಿದ್ದರಲ್ಲಿ ಹುರುಳಿದೆ. ಬಂಡೆ ರಾಡಿಯಾಗಿದೆ. ಅದಕ್ಕೆ ಕಾರಣ ನಿನ್ನ ಕೈ ಅಲ್ಲ.

ಮೊಬೈಲಿನಲ್ಲಿ ಆ ಫೋಟೋವನ್ನು ಕಪ್ಪು ಬಿಳುಪು ಮಾಡಿ ನೋಡು. ಬಂಡೆಯೂ ನೀರೂ ಒಂದೇ ಬೂದು ಆಗಿಬಿಡುತ್ತವೆ. ಯಾವುದು ತಿಳಿ, ಯಾವುದು ಗಾಢ ಅನ್ನುವ ಅಂತರವೇ ಉಳಿದಿಲ್ಲ. ಬಣ್ಣದ ಹೆಸರು ಬೇರೆ, ತೂಕ ಬೇರೆ. ಕೆಂಪು, ಹಸಿರು ಅಂತ ಬೇರೆ ಬೇರೆ ಬಳಿದರೂ ಎರಡರ ತೂಕ ಒಂದೇ ಆದರೆ ಚಿತ್ರ ಚಪ್ಪಟೆ. ನಾವು ದಡಿ, ಒಡಲು ಹೊಂದಿಸುವಾಗ ಕಣ್ಣು ಕಿರಿದು ಮಾಡಿ ನೋಡುವುದು ಇದಕ್ಕೇ. ನಿನಗೆ ಚಾರ್ಕೋಲ್ ಚೆನ್ನಾಗಿ ಬರುತ್ತದೆ ಅಂದರೆ ಈ ತೂಕ ನಿನಗೆ ಆಗಲೇ ಗೊತ್ತು ಅಂತ ಅರ್ಥ. ಅದನ್ನು ಬಣ್ಣದೊಳಗೆ ತರಬೇಕು, ಅಷ್ಟೇ.

ಇನ್ನು ರಾಡಿ. ನಿನ್ನ ಹತ್ತಿರ ಇರುವ ಟ್ಯೂಬುಗಳ ಹೆಸರು ನನಗೆ ಗೊತ್ತು, ಕೊಡಿಸಿದವನು ನಾನೇ. ವರ್ಮಿಲಿಯನ್ ಕೆಂಪು, ಪ್ರಷ್ಯನ್ ನೀಲಿ. ಬಂಡೆಯ ನೆರಳಿಗೆ ನೇರಳೆ ಬೇಕೆಂದು ಎರಡನ್ನೂ ಕಲಸಿದ್ದೀಯ. ಕೆಂಪು ಮತ್ತು ನೀಲಿ ಸೇರಿದರೆ ನೇರಳೆ ಅಂತ ಶಾಲೆಯಲ್ಲಿ ಹೇಳಿಕೊಡುತ್ತಾರೆ. ಯಾವ ಕೆಂಪು, ಯಾವ ನೀಲಿ ಅಂತ ಹೇಳುವುದಿಲ್ಲ. ವರ್ಮಿಲಿಯನ್ ಹಳದಿಯ ಕಡೆ ವಾಲಿದ ಕೆಂಪು. ಪ್ರಷ್ಯನ್ ಹಸಿರಿನ ಕಡೆ ವಾಲಿದ ನೀಲಿ, ಅಂದರೆ ಅದರಲ್ಲೂ ಹಳದಿ ಅಡಗಿದೆ. ಕೆಂಪು, ನೀಲಿ, ಹಳದಿ ಮೂರೂ ಸೇರಿದ ಮೇಲೆ ರಾಡಿ ಆಗದೆ ಏನಾಗುತ್ತದೆ? ನೀಲಿಯ ಕಡೆ ವಾಲಿದ ಕ್ರಿಮ್ಸನ್ ಕೆಂಪಿಗೆ ಕೆಂಪಿನ ಕಡೆ ವಾಲಿದ ಅಲ್ಟ್ರಾಮರೀನ್ ನೀಲಿ ಕಲಸು, ಶುದ್ಧ ನೇರಳೆ ಬರುತ್ತದೆ. ಇಲ್ಲಿ ಬೋರ್ಡ್ ಬರೆಯುವ ಪೇಂಟರನ್ನು ಕೇಳಿ, ಅವರ ಡಬ್ಬಿಯಲ್ಲೇ ಕಲಸಿ ನೋಡಿ ಈ ಮಾತು ಬರೆಯುತ್ತಿದ್ದೇನೆ.

ಒಳ್ಳೇ ಕಂಪನಿಯ ಟ್ಯೂಬುಗಳ ಸೆಟ್ ಕೊಡಿಸಲು ನನ್ನ ಕೈಯಲ್ಲಿ ಆಗಲಿಲ್ಲ, ಬೇಜಾರು ಮಾಡ್ಕೋಬೇಡ. ಆದರೆ ಸೆಟ್ ದೊಡ್ಡದಾದಷ್ಟೂ ಕಲಿಕೆ ಕಡಿಮೆ ಅಂತ ನನಗೆ ಅನ್ನಿಸುತ್ತದೆ. ಕೆಂಪು, ನೀಲಿ, ಹಳದಿ, ಪ್ರತಿಯೊಂದರಲ್ಲೂ ಎರಡೆರಡು ಇರಲಿ, ಒಂದು ಈ ಕಡೆ ವಾಲಿದ್ದು, ಒಂದು ಆ ಕಡೆ ವಾಲಿದ್ದು. ಬಿಳಿ ಇರಲಿ. ಏಳು ಟ್ಯೂಬಿನಲ್ಲಿ ಬಾದಾಮಿಯ ಇಡೀ ಗುಡ್ಡ ಬರುತ್ತದೆ. ಕುಂಚ ತೊಳೆಯುವ ನೀರು ಬದಲಿಸುತ್ತಾ ಇರು. ಒಂದೊಂದು ಜೋಡಿಯನ್ನೂ ಕಲಸಿ ಚೂರು ಕಾಗದದಲ್ಲಿ ಹಚ್ಚಿ, ಪಕ್ಕದಲ್ಲಿ ಹೆಸರು ಬರೆದಿಡು. ಅಜ್ಜ ಹಾಗೇ ಎಳೆಗಳನ್ನು ರಟ್ಟಿಗೆ ಸುತ್ತಿ ಇಟ್ಟುಕೊಳ್ಳುತ್ತಿದ್ದರು. ಬಣ್ಣ ಹುಟ್ಟಿನಿಂದ ಬರುತ್ತದೆ ಅನ್ನುವವರು ಆ ರಟ್ಟುಗಳನ್ನು ನೋಡಿಲ್ಲ.

ರಾತ್ರಿ ಹಾಸ್ಟೆಲ್ಲಿನ ಬಲ್ಬಿನ ಕೆಳಗೆ ಬಣ್ಣ ಕಲಸಬೇಡ. ಅಂಗಡಿಯಲ್ಲಿ ಸೀರೆ ತೆಗೆದುಕೊಳ್ಳುವ ಹೆಂಗಸರು ಅದನ್ನು ಹೊರಗೆ ಬಿಸಿಲಿಗೆ ತಂದು ನೋಡುತ್ತಾರೆ, ನೋಡಿದ್ದೀಯಲ್ಲ? ಟ್ಯೂಬ್‌ಲೈಟಿನಲ್ಲಿ ಒಂದೇ ಆಗಿ ಕಂಡ ಎರಡು ನೂಲು ಬಿಸಿಲಲ್ಲಿ ಬೇರೆಯಾಗಿಬಿಡುತ್ತವೆ. ನನಗೆ ಗೊತ್ತು, ಭಾಷಣ ಆಗುತ್ತಿದೆ. ಇಷ್ಟು ವರ್ಷ ನೀನು ನನ್ನ ಮಗ್ಗದ ಪಕ್ಕ ಕೂತು ಬೆಳೆದೆ, ಇದನ್ನೆಲ್ಲ ಬಾಯಿಬಿಟ್ಟು ಹೇಳುವ ಪ್ರಸಂಗವೇ ಬಂದಿರಲಿಲ್ಲ. ಈಗ ಬಂದಿದೆ, ತಡೆದುಕೊಳ್ಳಲು ಆಗುತ್ತಿಲ್ಲ.

ಇನ್ನೊಂದು ಮಾತು ಮಾತ್ರ. ಬಂಡೆ ಕೆಂಪಾಗಿ ಉರಿಯಬೇಕೆಂದು ನೀನು ಅದರ ಮೇಲೆ ಕೆಂಪು ಸುರಿದಿದ್ದೀಯ. ಕೆಂಪು ಜಾಸ್ತಿ ಮಾಡಬೇಡ. ನೀರಿನ ಹಸಿರನ್ನು ಸರಿ ಮಾಡು. ಹಸಿರಿನ ಪಕ್ಕದಲ್ಲಿ ಕೆಂಪು ತಾನಾಗಿಯೇ ಏಳುತ್ತದೆ. ಆದರೆ ಎರಡನ್ನೂ ಒಂದರೊಳಗೊಂದು ಕಲಸಿದರೆ ಎರಡೂ ಸಾಯುತ್ತವೆ. ನಮ್ಮಲ್ಲೂ ಹಾಗೇ: ಕೆಂಪು ಒಡಲಿಗೆ ಹಸಿರು ದಡಿ ಕೊಟ್ಟರೆ ಸೀರೆ ದೂರದಿಂದ ಕರೆಯುತ್ತದೆ. ಉದ್ದದ ಹಾಸು ಎಳೆ ಕೆಂಪಾಗಿದ್ದು, ಅಡ್ಡ ಹೊಕ್ಕು ಎಳೆ ಹಸಿರು ಹೊಡೆದರೆ ದೂರದಿಂದ ಕಂದು. ಎಳೆ ಅವೇ, ಬಣ್ಣ ಅವೇ. ಕೂತ ಜಾಗ ಬೇರೆ.

ಈ ಕವರಿನಲ್ಲಿ ಎರಡು ರಟ್ಟಿನ ತುಂಡು ಇಟ್ಟಿದ್ದೇನೆ. ಒಂದಕ್ಕೆ ಕೆಂಪು ನೂಲು ಸುತ್ತಿದ್ದೇನೆ, ಇನ್ನೊಂದಕ್ಕೆ ಹಸಿರು. ಎರಡರ ನಡುವೆಯೂ ಬೆರಳಗಲ ಬೂದು ನೂಲಿದೆ. ಕೆಂಪಿನ ನಡುವಿನ ಬೂದು ಸ್ವಲ್ಪ ಹಸಿರಾಗಿ ಕಾಣುತ್ತದೆ, ಹಸಿರಿನ ನಡುವಿನದು ನಸುಗೆಂಪಾಗಿ. ಎರಡೂ ಒಂದೇ ಲಡಿಯಿಂದ ತೆಗೆದವು. ನಂಬಿಕೆ ಬರದಿದ್ದರೆ ಎಳೆ ಬಿಚ್ಚಿ ಜೋಡಿಸಿ ನೋಡು. ನಿಮ್ಮ ಸರ್‌ಗೂ ತೋರಿಸು. ಅವರ ಮೇಲೆ ಸಿಟ್ಟು ಇಟ್ಟುಕೊಳ್ಳಬೇಡ. ಬಣ್ಣ ಸತ್ತಿದೆ ಅಂದರೆ ಯಾವ ಬಣ್ಣದ ಪಕ್ಕ ಯಾವುದು ಸತ್ತಿತು ಸರ್ ಅಂತ ಕೇಳು. ಕೇಳುವುದರಲ್ಲಿ ನಾಚಿಕೆ ಏನಿದೆ? ಅಜ್ಜ ಕೇಳಲಿಲ್ಲ. ಆ ವ್ಯಾಪಾರಿಯನ್ನು ನಿಲ್ಲಿಸಿ, ದಡಿ ಮುಚ್ಚಿ ನೋಡ್ರಿ ಅಂತ ಹೇಳುವವರು ಅವತ್ತು ಯಾರೂ ಇರಲಿಲ್ಲ. ಮತ್ತೆ ಅದೇ ಮಾತಿಗೆ ಬಂದೆ ನೋಡು. ಏನು ಮಾಡಲಿ, ಮನಸ್ಸು ಅಲ್ಲಿಗೇ ಹೋಗುತ್ತದೆ.

ಚಾರ್ಕೋಲ್ ನಿನಗೆ ಇಷ್ಟವಾಗಿ ತೆಗೆಯುವುದಾದರೆ ತೆಗೆ, ನಾನು ಬೇಡ ಅನ್ನುವುದಿಲ್ಲ. ಬಣ್ಣಕ್ಕೆ ಹೆದರಿ ಅದರ ಹಿಂದೆ ಅಡಗಬೇಡ.

ಬನದ ಹುಣ್ಣಿಮೆಗೆ ಬನಶಂಕರಿ ಜಾತ್ರೆಗೆ ಹೇಗೂ ಬರುತ್ತೀಯಲ್ಲ, ಎರಡು ದಿನ ಮೊದಲೇ ಬಾ. ಬಾದಾಮಿಗೆ ಹೋಗೋಣ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಅದೇ ಬಂಡೆಯ ಮುಂದೆ ಕೂತು ಬರೆ. ಮೂರನೇ ಗುಹೆಯಲ್ಲಿ 578ರ ಶಾಸನ ಇದೆ, ಸೂರಿನ ಒಳಭಾಗದಲ್ಲಿ ಆಗಿನ ವರ್ಣಚಿತ್ರದ ಗುರುತುಗಳು ಅಲ್ಪಸ್ವಲ್ಪ ಉಳಿದಿವೆ. ಅವನ್ನೂ ಹತ್ತಿರದಿಂದ ನೋಡೋಣ. ಚಿಕ್ಕವಳಿದ್ದಾಗ ಮಂಗಗಳಿಗೆ ಹೆದರಿ ನೀನು ಒಳಗೆ ಬಂದಿರಲಿಲ್ಲ.

ನಿಮ್ಮವ್ವ ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ಕಟ್ಟಿದ್ದಾಳೆ. ಕವರಿನ ಜೊತೆಗೇ ಬಸ್ಸಿಗೆ ಕೊಡುತ್ತೇನೆ. ರಾತ್ರಿ ಊಟ ಬಿಡಬೇಡ. ಕ್ರಿಮ್ಸನ್ ಮತ್ತು ಅಲ್ಟ್ರಾಮರೀನ್‌ಗೆ ಎಷ್ಟಾಗುತ್ತದೆ ಅಂತ ಅಂಗಡಿಯಲ್ಲಿ ಕೇಳಿ ಭಾನುವಾರದೊಳಗೆ ಹೇಳು, ಹಣ ಹಾಕುತ್ತೇನೆ.

ನಿನ್ನ
ಅಪ್ಪ