ಮೇಲ್ಮನವಿ ವಿಚಾರಣೆಗೆ ಬರುವಷ್ಟರಲ್ಲಿ ಜೆಸಿಬಿ ಬಂದಿತ್ತು

ಮಾನ್ಯ ಸಂಪಾದಕರೇ,

ಟೆಂಡರ್ ಅಂದ ಕೂಡಲೇ ಪತ್ರಿಕೆಗಳಲ್ಲಿ ಬರುವುದು ಪರ್ಸೆಂಟೇಜ್ ಮಾತು. ಅದು ಬರಬೇಕಾದ್ದೇ. ನಾನು ಬರೆಯುತ್ತಿರುವುದು ಬೇರೆ ವಿಷಯ. ಟೆಂಡರ್ ಕೈತಪ್ಪಿದವನು "ಇದು ಸರಿಯಿಲ್ಲ" ಅಂದರೆ ಅದನ್ನು ಯಾರು ಕೇಳುತ್ತಾರೆ? ಅದಕ್ಕಿಂತ ಜಾಸ್ತಿ, ಯಾವಾಗ ಕೇಳುತ್ತಾರೆ?

ನಾನು ಕಂಟ್ರಾಕ್ಟರ್ ಅಲ್ಲ. ತಾಲ್ಲೂಕು ಕಚೇರಿ ಎದುರು ನನ್ನದೊಂದು ಜೆರಾಕ್ಸ್ ಅಂಗಡಿ ಇದೆ. ಹದಿನಾಲ್ಕು ವರ್ಷದಿಂದ ಸುತ್ತಮುತ್ತಲಿನ ಸಣ್ಣ ಕಂಟ್ರಾಕ್ಟರುಗಳ ಟೆಂಡರ್ ಅಪ್‌ಲೋಡ್ ಮಾಡಿಕೊಡುತ್ತೇನೆ. ಅವರ ಡಿಜಿಟಲ್ ಸಹಿಯ ಡಾಂಗಲ್‌ಗಳು ಹೆಸರಿನ ಚೀಟಿ ಅಂಟಿಸಿಕೊಂಡು ನನ್ನ ಡ್ರಾಯರ್‌ನಲ್ಲೇ ಬಿದ್ದಿರುತ್ತವೆ. ಹಾಗಿರಬಾರದು, ಗೊತ್ತು. ಟೆಂಡರ್‌ನ ಕೊನೇ ದಿನ ಸಂಜೆ ಐದಕ್ಕೆ ಸರ್ವರ್ ಕೈಕೊಟ್ಟಾಗ ಅವರೆಲ್ಲ ನನ್ನ ಮುಖ ನೋಡುತ್ತಾ ಕೂರುತ್ತಾರೆ.

ಹೋದ ವರ್ಷದ ಒಂದು ಕೆಲಸದ ಕಥೆ ಹೇಳುತ್ತೇನೆ. ಪಕ್ಕದ ಜಿಲ್ಲೆಯಲ್ಲಿ ರಸ್ತೆ ಮತ್ತು ಚರಂಡಿ ಕೆಲಸ, 1 ಕೋಟಿ 25 ಲಕ್ಷದ್ದು. ಎರಡು ಲಕೋಟೆಯ ಟೆಂಡರ್. ಮೊದಲ ಲಕೋಟೆಯಲ್ಲಿ ಅರ್ಹತೆಯ ಕಾಗದ, ಎರಡನೆಯದರಲ್ಲಿ ರೇಟು. ಮೊದಲನೆಯದರಲ್ಲಿ ಪಾಸಾದರೆ ಮಾತ್ರ ಎರಡನೆಯದನ್ನು ತೆರೆಯುತ್ತಾರೆ. ನಮ್ಮ ಕಂಟ್ರಾಕ್ಟರ್ ಮೊದಲ ಲಕೋಟೆಯಲ್ಲೇ ಅನರ್ಹ ಅಂತ ಬಂತು. ಯಾಕೆ ಅಂತ ಇರಲಿಲ್ಲ. ಮೂರು ಸಲ ಕಚೇರಿಗೆ ಓಡಾಡಿದ ಮೇಲೆ ಒಂದು ಸಾಲು ಸಿಕ್ಕಿತು: ಬಿಡ್ ಕೆಪಾಸಿಟಿ ಸಾಲದು.

ಬಿಡ್ ಕೆಪಾಸಿಟಿ ಅಂದರೆ ಕಂಟ್ರಾಕ್ಟರ್ ಇನ್ನೆಷ್ಟು ಮೊತ್ತದ ಕೆಲಸ ಹೊರಬಲ್ಲರು ಅನ್ನುವುದು. ಅದು ಏಳನೇ ಕ್ಲಾಸಿನ ಲೆಕ್ಕ. ಹಿಂದಿನ ಐದು ವರ್ಷದಲ್ಲಿ ಯಾವುದೋ ಒಂದು ವರ್ಷ ಮಾಡಿದ ಅತಿ ಹೆಚ್ಚು ಮೊತ್ತದ ಕೆಲಸ ತೆಗೆದುಕೊಳ್ಳಿ. ಹೊಸ ಕೆಲಸ ಮುಗಿಸಲು ಎಷ್ಟು ವರ್ಷ ಕೊಟ್ಟಿದ್ದಾರೋ ಅಷ್ಟರಿಂದ ಗುಣಿಸಿ, ಮತ್ತೆ ಒಂದೂವರೆಯಿಂದ ಗುಣಿಸಿ. ಅದರಲ್ಲಿ ಕೈಯಲ್ಲಿರುವ ಬಾಕಿ ಕೆಲಸ ಕಳೆಯಿರಿ. ನಮ್ಮವರದು 1 ಕೋಟಿ 20 ಲಕ್ಷ, ಅವಧಿ ಒಂದು ವರ್ಷ, ಒಂದೂವರೆಯಿಂದ ಗುಣಿಸಿದರೆ 1 ಕೋಟಿ 80 ಲಕ್ಷ. ಬಾಕಿ ಕೆಲಸ 40 ಲಕ್ಷದ್ದು. ಉಳಿಯುವುದು 1 ಕೋಟಿ 40 ಲಕ್ಷ. ಧಾರಾಳವಾಗಿ ಸಾಕು. ಆದರೆ ಆಗಲೇ ಮುಗಿಸಿದ್ದ 30 ಲಕ್ಷದ ಒಂದು ಕೆಲಸದ ಕೊನೇ ಬಿಲ್ಲು ಪಾಸಾಗಿರಲಿಲ್ಲ. ಬಿಲ್ಲು ಆಗದಿದ್ದರೆ ಕೆಲಸವೂ ಮುಗಿದಿಲ್ಲ ಅಂತ ಟೆಂಡರ್ ಪರಿಶೀಲಿಸುವ ಸಮಿತಿ ಅದನ್ನೂ ಬಾಕಿಗೆ ಸೇರಿಸಿತು. ಉಳಿದದ್ದು 1 ಕೋಟಿ 10 ಲಕ್ಷ. ಹೋಯಿತು. ಕೆಲಸ ಮುಗಿದ ಪ್ರಮಾಣಪತ್ರ ನಾನೇ ಅಪ್‌ಲೋಡ್ ಮಾಡಿದ್ದೆ, ಪುಟ 47. ಸರ್ಕಾರ ದುಡ್ಡು ಕೊಡದೇ ಇದ್ದದ್ದಕ್ಕೆ ಸರ್ಕಾರದ ಕೆಲಸ ತಪ್ಪಿತು ನೋಡಿ.

ಇಂಥದಕ್ಕೆ ನಮ್ಮಲ್ಲಿ ದಾರಿ ಇಲ್ಲದಿಲ್ಲ. ಸರ್ಕಾರಿ ಟೆಂಡರುಗಳಲ್ಲಿ ಪಾರದರ್ಶಕತೆಗೆ ಅಂತ ಕರ್ನಾಟಕ ಮಾಡಿರುವ 1999ರ ಕೆಟಿಪಿಪಿ ಕಾಯ್ದೆಯ 16ನೇ ಸೆಕ್ಷನ್ ಪ್ರಕಾರ, ಆದೇಶ ಕೈಗೆ ಬಂದ 30 ದಿನದೊಳಗೆ ಮೇಲ್ಮನವಿ ಹಾಕಬಹುದು. ಇಬ್ಬರ ಮಾತೂ ಕೇಳಿ ತೀರ್ಮಾನ ಕೊಡಬೇಕು. ಹಾಕಿದೆವು. ಹನ್ನೊಂದು ಪುಟ, ನಾನೇ ಟೈಪ್ ಮಾಡಿದ್ದು. ಕೇಳುವವರು ಅದೇ ಇಲಾಖೆಯ ದೊಡ್ಡ ಸಾಹೇಬರು. ವಿಚಾರಣೆಯ ದಿನ ಬರುವಷ್ಟರಲ್ಲಿ ಇನ್ನೊಬ್ಬರ ಜೊತೆ ಅಗ್ರಿಮೆಂಟ್ ಆಗಿ, ವರ್ಕ್ ಆರ್ಡರ್ ಹೋಗಿ, ಚರಂಡಿಗೆ ಜೆಸಿಬಿ ಇಳಿದಿತ್ತು. ಸಾಹೇಬರು ಒಳ್ಳೆಯವರೇ. ಕುರ್ಚಿ ಕೊಟ್ಟು ಕೂರಿಸಿದರು. ಪುಟ 47 ತೆಗೆದು ನೋಡಿದರು. "ನೀವು ಹೇಳೋದೂ ಸರಿ ಇರಬಹುದು, ಆದರೆ ಈಗ ಕೆಲಸ ಶುರುವಾಗಿದೆಯಲ್ಲ" ಅಂದರು. ಆಮೇಲೆ ಬಂದ ಆದೇಶ ಒಂದೂವರೆ ಪುಟದ್ದು. ಅದರಲ್ಲಿ 30 ಲಕ್ಷದ ಮಾತೇ ಇಲ್ಲ.

ಹೈಕೋರ್ಟಿಗೆ ಹೋಗೋಣ ಅಂತ ಬೆಂಗಳೂರಿನ ವಕೀಲರ ಹತ್ತಿರ ಹೋದೆವು. ಅವರು ಸುಮ್ನೆ ಆಸೆ ಹುಟ್ಟಿಸಲಿಲ್ಲ. 1994ರ ಟಾಟಾ ಸೆಲ್ಯುಲಾರ್ ತೀರ್ಪಿನಿಂದ ಈಚೆಗೆ ಕೋರ್ಟು ನೋಡುವುದು ತೀರ್ಮಾನಕ್ಕೆ ಬಂದ ರೀತಿಯನ್ನು, ತೀರ್ಮಾನವನ್ನಲ್ಲ ಅಂದರು. 2006ರ ಜಗದೀಶ್ ಮಂಡಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಎರಡು ಪ್ರಶ್ನೆ ಇಟ್ಟಿದೆಯಂತೆ. ಒಂದು, ಇದರಲ್ಲಿ ದುರುದ್ದೇಶ ಇದೆಯೇ, ಅಥವಾ ಬುದ್ಧಿ ಇರುವ ಯಾವ ಅಧಿಕಾರಿಯೂ ಮಾಡದಂಥ ತೀರ್ಮಾನವೇ ಇದು? ಎರಡು, ಜನರ ಹಿತಕ್ಕೆ ಧಕ್ಕೆಯಾಗಿದೆಯೇ? ಎರಡಕ್ಕೂ ಇಲ್ಲ ಅಂತಾದರೆ ಕೋರ್ಟು ಕೈ ಹಾಕುವುದಿಲ್ಲ. 2022ರ ಎನ್.ಜಿ. ಪ್ರಾಜೆಕ್ಟ್ಸ್ ತೀರ್ಪು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ತಪ್ಪು ಕಂಡರೂ ಕೆಲಸಕ್ಕೆ ತಡೆ ಕೊಡುವ ಬದಲು, ಅನ್ಯಾಯವಾದವನಿಗೆ ಪರಿಹಾರದ ದಾರಿ ತೋರಿಸಿ ಅಂತ ಅದರ ಧಾಟಿ. ನಮ್ಮವರು ಫೈಲ್ ಮಡಚಿಕೊಂಡು ರಾತ್ರಿ ಬಸ್ಸಿಗೆ ವಾಪಸ್ ಬಂದರು.

ಕೋರ್ಟಿನ ಮೇಲೆ ನನಗೆ ಸಿಟ್ಟಿಲ್ಲ. ಡಾಂಬರಿನ ದಪ್ಪ ಅಳೆಯುವುದು ನ್ಯಾಯಾಧೀಶರ ಕೆಲಸ ಅಲ್ಲವಲ್ಲ. ಚಿಕ್ಕಪುಟ್ಟ ಕೊರತೆಗೆಲ್ಲ ಟೆಂಡರ್ ಬೀಳಬಾರದು ಅಂತಲೂ ಅದೇ ಸುಪ್ರೀಂ ಕೋರ್ಟ್ ಹೇಳಿದೆ. ವಾರಾಣಸಿಯ ಡೀಸೆಲ್ ಲೋಕೋಮೋಟಿವ್ ವರ್ಕ್ಸ್ ಟೆಂಡರ್ ಒಂದರಲ್ಲಿ ಠೇವಣಿಯನ್ನು ನಗದಾಗಿ ಇಲ್ಲವೇ ಸ್ಟೇಟ್ ಬ್ಯಾಂಕ್ ಡಿಡಿಯಲ್ಲಿ ಕೊಡಬೇಕಿತ್ತು. ಪೊದ್ದಾರ್ ಸ್ಟೀಲ್‌ನವರು ಯೂನಿಯನ್ ಬ್ಯಾಂಕಿನ ಚೆಕ್ ಕೊಟ್ಟಿದ್ದರು. ಹಣಕ್ಕೆ ಬ್ಯಾಂಕೇ ಖಾತ್ರಿ ಕೊಟ್ಟಿದ್ದ ಚೆಕ್ ಅದು. ಇದು ಮುಖ್ಯ ಷರತ್ತಲ್ಲ, ಇದನ್ನು ಸಡಿಲಿಸಿದ್ದು ತಪ್ಪಲ್ಲ ಅಂತ 1991ರಲ್ಲಿ ತೀರ್ಪಾಯಿತು. ಅಂದರೆ ವಿವೇಚನೆಗೆ ಜಾಗ ಇದೆ. ಆದರೆ ಅದನ್ನು ಬಳಸಬೇಕಾದ್ದು ಕೆಳಗೆ, ಮೊದಲ ಮೇಜಿನ ಮೇಲೆ. ಮೇಲೆ ಹೋದಷ್ಟೂ ಬಾಗಿಲು ಕಿರಿದಾಗುತ್ತದೆ.

ಇನ್ನೊಂದು ಪಕ್ಕವೂ ಇದೆ, ಮುಚ್ಚಿಡುವುದಿಲ್ಲ. ಬರೀ ಅಡ್ಡಗಾಲು ಹಾಕುವುದಕ್ಕೆ ಅಂತಲೇ ಮೇಲ್ಮನವಿ ಹಾಕುವವರನ್ನೂ ನೋಡಿದ್ದೇನೆ. ಎಲ್-2, ಅಂದರೆ ಕಡಿಮೆ ರೇಟಿನಲ್ಲಿ ಎರಡನೆಯವರಾಗಿ ಬಂದವರು, ಎಲ್-1, ಅಂದರೆ ಎಲ್ಲರಿಗಿಂತ ಕಡಿಮೆ ರೇಟು ಹಾಕಿದವರನ್ನು ಮಾತುಕತೆಗೆ ಕರೆಸಿಕೊಳ್ಳುವ ಉಪಾಯ ಅದು. ಪುಟಕ್ಕೆ ಇಷ್ಟು ಅಂತ ತೆಗೆದುಕೊಂಡು ಅಂಥದ್ದನ್ನೂ ಟೈಪ್ ಮಾಡಿಕೊಟ್ಟಿದ್ದೇನೆ. ಅಂಥವರಿಗೆ ಒಂದಿಷ್ಟು ಠೇವಣಿ ಇಡಿಸಿ, ಮನವಿ ಪೊಳ್ಳಾದರೆ ಮುಟ್ಟುಗೋಲು ಹಾಕಲಿ. ನನ್ನ ತಕರಾರಿಲ್ಲ.

ನಾನು ಕೇಳುವುದು ದೊಡ್ಡದೇನಲ್ಲ. ಅನರ್ಹ ಅಂತ ಬರೆದ ದಿನವೇ ಯಾವ ಪುಟ, ಯಾವ ಲೆಕ್ಕ ಅಂತಲೂ ಪೋರ್ಟಲ್‌ನಲ್ಲಿ ಹಾಕಲಿ. ರೇಟಿನ ಲಕೋಟೆ ತೆರೆಯುವ ಮುಂಚೆ ಐದಾರು ದಿನ ಬಿಡಲಿ. ನಮ್ಮ 30 ಲಕ್ಷದ ತಪ್ಪು ಹತ್ತು ನಿಮಿಷದಲ್ಲಿ ಸರಿಹೋಗುತ್ತಿತ್ತು, ಯಾರೂ ಯಾರಿಗೂ ಮೇಲ್ಮನವಿ ಹಾಕಬೇಕಿರಲಿಲ್ಲ. ಹಾಕಿದ್ದಾದರೆ, ಅದು ತೀರುವ ತನಕ ವರ್ಕ್ ಆರ್ಡರ್ ಕೊಡಬಾರದು. ಕೇಳುವವರು ಆ ಇಲಾಖೆಯವರಾಗಿರಬಾರದು. ಅಮೆರಿಕದಲ್ಲಿ ಕೇಂದ್ರ ಸರ್ಕಾರದ ಗುತ್ತಿಗೆ ಆದ 10 ದಿನದೊಳಗೆ ಅಲ್ಲಿನ ಲೆಕ್ಕಪರಿಶೋಧನಾ ಕಚೇರಿಯಿಂದ ದೂರಿನ ಸುದ್ದಿ ಇಲಾಖೆಗೆ ಮುಟ್ಟಿದರೆ ಕೆಲಸ ತಾನಾಗಿ ನಿಲ್ಲುತ್ತದಂತೆ. ತೀರಾ ತುರ್ತು, ಇಲ್ಲವೇ ದೇಶದ ಹಿತಕ್ಕೆ ಬೇಕು ಅಂತ ಇಲಾಖೆ ಕಾರಣ ಬರೆದುಕೊಟ್ಟರೆ ಮಾತ್ರ ಮುಂದುವರಿಸಬಹುದು. ತೀರ್ಮಾನಕ್ಕೆ 100 ದಿನದ ಗಡುವು. ನಮಗೆ ಅಷ್ಟು ದಿನ ಬೇಡ, 30 ಸಾಕು. ಕೆಲಸ ತಡವಾಗುತ್ತದೆ ಅನ್ನುತ್ತಾರೆ. ಇದೇ ಚರಂಡಿಯ ಎಸ್ಟಿಮೇಟು ಮೇಜಿನಿಂದ ಮೇಜಿಗೆ ಎಂಟು ತಿಂಗಳು ಸುತ್ತಿತ್ತು.

ಮೊನ್ನೆ ಅದೇ ಕಂಟ್ರಾಕ್ಟರ್ ಇನ್ನೊಂದು ಟೆಂಡರ್ ಹಿಡಿದು ಅಂಗಡಿಗೆ ಬಂದಿದ್ದರು. ಆ 30 ಲಕ್ಷದ ಬಿಲ್ಲು ಇನ್ನೂ ಆಗಿಲ್ಲ. "ಮುಗಿದ ಸರ್ಟಿಫಿಕೇಟ್ ಮೂರು ಕಡೆ ಹಾಕಮ್ಮ, ಒಂದು ಕಡೆಯಾದರೂ ಕಾಣಲಿ" ಅಂದರು. ಒಂದೇ ಫೈಲನ್ನು ಮೂರು ಹೆಸರಲ್ಲಿ ಸೇವ್ ಮಾಡಿ ಹಾಕಿದ್ದೇನೆ.

– ಟೆಂಡರ್ ಅಪ್‌ಲೋಡ್ ಮಾಡುವ ಒಬ್ಬ ಓದುಗಾರ್ತಿ, ತುಮಕೂರು ಜಿಲ್ಲೆ